ನಿಮ್ಮ ಕಾರು ಯಾವ ಕ್ಲಾಸಿಗೆ? ಆಟೊಕ್ರಾಸ್‌ಗೆ ಹೆಸರು ಕೊಡುವ ಮುನ್ನ

ಆಟೊಕ್ರಾಸ್‌ಗೆ ಇಳಿಯಬೇಕೆಂದು ಆಸೆಪಟ್ಟ ಹುಡುಗರು ಮೊದಲು ಓಡುವುದು ಗ್ಯಾರೇಜಿಗೆ. ಓಡಬೇಕಾದದ್ದು ಮನೆಯ ಬೀರುವಿಗೆ. ಕಾರಿನ ಆರ್‌ಸಿ ಇರುವುದು ಅಲ್ಲಿ. ಯಾವ ಕ್ಲಾಸಿನಲ್ಲಿ ಓಡಿಸುತ್ತೀರಿ ಎಂಬುದು ತೀರ್ಮಾನವಾಗದೆ ಕಾರಿನ ಮೇಲೆ ಹಾಕುವ ಒಂದೊಂದು ರೂಪಾಯಿಯೂ ಕುರುಡು ಖರ್ಚೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬಯಲಿನಲ್ಲಿ ಕೋನ್‌ಗಳನ್ನಿಟ್ಟು ತಿರುವುಮುರುವಿನ ದಾರಿ ಮಾಡಿರುತ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಾರು, ಪೈಪೋಟಿ ಗಡಿಯಾರದ ಜೊತೆ. ಕೋನ್ ಬೀಳಿಸಿದರೆ ನಿಮ್ಮ ಸಮಯಕ್ಕೆ ದಂಡದ ಸೆಕೆಂಡುಗಳು ಸೇರುತ್ತವೆ. ಪಕ್ಕದಲ್ಲಿ ಇನ್ನೊಂದು ಕಾರು ಇಲ್ಲದ್ದರಿಂದ ದಿನವೂ ಓಡಿಸುವ ಕಾರನ್ನೇ ತಂದು ಆಡಬಹುದು. ಆದರೆ 796 ಸಿಸಿಯ ಮಾರುತಿ 800ನ್ನೂ ಟರ್ಬೊ ಪೋಲೊವನ್ನೂ ಒಂದೇ ಪಟ್ಟಿಗೆ ಹಾಕಿದರೆ ನ್ಯಾಯವಾಗುವುದಿಲ್ಲ. ಅದಕ್ಕಾಗಿ ಕ್ಲಾಸುಗಳು.

ಮೊದಲ ಹೆಜ್ಜೆ: ಎಸ್‌ಆರ್ ಓದಿ

ಪ್ರತಿ ಸ್ಪರ್ಧೆಗೂ ಸಂಘಟಕರು ಒಂದು ನಿಯಮಾವಳಿ ಹೊರಡಿಸುತ್ತಾರೆ. ಸಪ್ಲಿಮೆಂಟರಿ ರೆಗ್ಯುಲೇಷನ್ಸ್ ಎಂದು ಅದರ ಹೆಸರು, ಬಾಯಿಮಾತಿನಲ್ಲಿ ಎಸ್‌ಆರ್. ನಮ್ಮ ದೇಶದಲ್ಲಿ ಮೋಟಾರ್ ಕ್ರೀಡೆಗೆ ಮಾನ್ಯತೆ ಕೊಡುವ ಸಂಸ್ಥೆ ಚೆನ್ನೈನ ಎಫ್‌ಎಂಎಸ್‌ಸಿಐ. ಅದರ ಅನುಮತಿ ಇರುವ ಸ್ಪರ್ಧೆಯಾದರೆ ಸಾದಾ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಸ್ಪರ್ಧಾ ಲೈಸೆನ್ಸ್ ಕೂಡ ಬೇಕು. ಕ್ಲಾಸಿನ ಪಟ್ಟಿ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕಳೆದ ವರ್ಷ ಗೆಳೆಯ ಯಾವ ಕ್ಲಾಸಿನಲ್ಲಿ ಓಡಿಸಿದ್ದ ಎಂಬುದು ಈ ವರ್ಷ ನಿಮ್ಮ ಉಪಯೋಗಕ್ಕೆ ಬಾರದು.

ಎರಡನೆಯದು: ಸಿಸಿ ನೋಡಿ, ಆಮೇಲೆ ಅನುಮಾನಿಸಿ

ನಮ್ಮಲ್ಲಿ ಕ್ಲಾಸು ಮಾಡುವುದು ಬಹುಪಾಲು ಎಂಜಿನ್ ಸಿಸಿ ಮೇಲೆ. ನಂಬರ್ ಪ್ಲೇಟಿನಲ್ಲಿ ನಮ್ಮ ಬಳ್ಳಾರಿಯ ಕೆಎ 34 ಇರಲಿ, ರಾಯಚೂರಿನ 36 ಇರಲಿ, ಕೊಪ್ಪಳದ 37 ಇರಲಿ, ಆರ್‌ಸಿಯಲ್ಲಿ ಕ್ಯೂಬಿಕ್ ಕೆಪ್ಯಾಸಿಟಿ ಎಂಬ ಸಾಲು ಇದ್ದೇ ಇರುತ್ತದೆ. ಆಲ್ಟೊ ಕೆ10 ಆದರೆ 998, ಪೆಟ್ರೋಲ್ ಸ್ವಿಫ್ಟ್‌ನ ಕೆ12 ಎಂಜಿನ್ ಆದರೆ 1197, ಜಿಪ್ಸಿ ಕಿಂಗ್ ಆದರೆ 1298.

ಅನುಮಾನಿಸಿ ಎಂದದ್ದು ಹಳೇ ಗಾಡಿಗಳ ವಿಷಯಕ್ಕೆ. ಬಳ್ಳಾರಿ, ಸಂಡೂರು ಕಡೆಯ ದೂಳು ಕುಡಿದ ಎಂಜಿನ್‌ಗಳು ಬೇಗ ಸವೆಯುತ್ತವೆ. ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿರುತ್ತಾರೆ. ಆರ್‌ಸಿಯಲ್ಲಿ ಮಾತ್ರ ಹಳೇ ಅಂಕಿಯೇ ಕೂತಿರುತ್ತದೆ. ಲೆಕ್ಕ ಕಷ್ಟದ್ದಲ್ಲ: ಬೋರನ್ನು (ಸಿಲಿಂಡರಿನ ವ್ಯಾಸ) ಬೋರಿನಿಂದಲೇ ಗುಣಿಸಿ, ಅದಕ್ಕೆ 0.7854, ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ), ಸಿಲಿಂಡರ್ ಸಂಖ್ಯೆ, ಮೂರನ್ನೂ ಗುಣಿಸಿ. ಅಳತೆ ಸೆಂಟಿಮೀಟರಿನಲ್ಲಿದ್ದರೆ ಬರುವ ಉತ್ತರವೇ ಸಿಸಿ.

ಜಿಪ್ಸಿ ಕಿಂಗ್ ಎಂಜಿನ್ನಿನ ಬೋರ್ 7.4, ಸ್ಟ್ರೋಕ್ 7.55, ಸಿಲಿಂಡರ್ ನಾಲ್ಕು. ಗುಣಿಸಿದರೆ 1298. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಬಿದ್ದಿದ್ದರೆ ಬೋರ್ 7.45, ಸಿಸಿ 1316. ಒಂದು ಮಿಲಿಮೀಟರ್ ಆದರೆ 1334. ಕ್ಲಾಸಿನ ಮಿತಿ 1400 ಎಂದಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. 1300 ಎಂದಿದ್ದರೆ ನೀವು ಮೇಲಿನ ಕ್ಲಾಸಿನವರು, ಆರ್‌ಸಿ ಏನೇ ಹೇಳಲಿ. ಗೆದ್ದ ಕಾರಿನ ಹೆಡ್ ಬಿಚ್ಚಿಸಿ ಅಳೆಯುವ ಅಧಿಕಾರ ಅಧಿಕಾರಿಗಳಿಗಿದೆ. ಹಳೇ ಗಾಡಿ ಕೊಂಡವರು ಬೋರ್ ಆಗಿದೆಯೇ ಎಂದು ಮಾರಿದವರನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಬೇರೆ ಎಂಜಿನ್ನೇ ಕೂರಿಸಿದ್ದರೆ ಸ್ಪರ್ಧೆಯ ಮಾತು ಆಮೇಲೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅದು ಆರ್‌ಟಿಒ ಒಪ್ಪಿಗೆಯಿಂದ ಆರ್‌ಸಿಗೆ ಏರಿರಬೇಕು.

ಮೂರು: ಟರ್ಬೊ ಇದ್ದರೆ ಗುಣಾಕಾರ

ಟರ್ಬೊ ಸಣ್ಣ ಎಂಜಿನ್ನಿಗೆ ದೊಡ್ಡ ಎಂಜಿನ್ನಿನ ಗಾಳಿ ತುಂಬುತ್ತದೆ. ಹಾಗಾಗಿ ಅದರ ಸಿಸಿಯನ್ನು ಇದ್ದಂತೆ ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಅಪೆಂಡಿಕ್ಸ್ ಜೆ ನಿಯಮದಲ್ಲಿ ಪೆಟ್ರೋಲ್ ಟರ್ಬೊಗೆ 1.7ರಿಂದ, ಡೀಸೆಲ್ ಟರ್ಬೊಗೆ 1.5ರಿಂದ ಗುಣಿಸುತ್ತಾರೆ. ಪೋಲೊದ 1197 ಸಿಸಿ ಟಿಎಸ್‌ಐ ಎಂಜಿನ್ ಈ ಲೆಕ್ಕದಲ್ಲಿ 2034 ದಾಟುತ್ತದೆ. ನಮ್ಮ ಕಡೆ ಮನೆಗೊಂದರಂತೆ ಇರುವ 1248 ಸಿಸಿಯ ಡೀಸೆಲ್ ಸ್ವಿಫ್ಟ್ 1872 ಆಗುತ್ತದೆ. ಕೆಲವು ಕಡೆ ಡೀಸೆಲ್‌ಗೆ, ಎಸ್‌ಯುವಿಗೆ ಪ್ರತ್ಯೇಕ ಕ್ಲಾಸು ಇಟ್ಟು ಈ ಗುಣಾಕಾರದ ಗೊಡವೆಗೇ ಹೋಗುವುದಿಲ್ಲ. ಎಸ್‌ಆರ್‌ನಲ್ಲಿ ಏನಿದೆಯೋ ಅದೇ ಅಂತಿಮ.

ಸಿಎನ್‌ಜಿ ಕಿಟ್ ಇದ್ದವರು ಹೆಸರು ಕೊಡುವ ಮೊದಲೇ ಸಂಘಟಕರಿಗೆ ಫೋನ್ ಮಾಡಿ. ಡಿಕ್ಕಿಯಲ್ಲಿ ಸಿಲಿಂಡರ್ ಇಟ್ಟುಕೊಂಡು ಅಖಾಡಕ್ಕೆ ಬಂದರೆ ಯಾರಿಗೂ ಖುಷಿಯಾಗುವುದಿಲ್ಲ.

ನಾಲ್ಕು: ಸ್ಟಾಕೋ, ಮಾಡಿಫೈಡೋ?

ಕಂಪನಿಯಿಂದ ಬಂದ ಹಾಗೇ ಇರುವ ಕಾರು ಸ್ಟಾಕ್, ಬದಲಾವಣೆ ಮಾಡಿಸಿದ್ದು ಮಾಡಿಫೈಡ್. ಹೆಚ್ಚು ಜನ ಎಡವುವುದು ಇಲ್ಲೇ. ‘ಅಣ್ಣ, ಆ ಏರ್ ಫಿಲ್ಟರ್ ಒಗೀರಿ, ಕೋನ್ ಫಿಲ್ಟರ್ ಹಾಕಿಸ್ರಿ, ಪಿಕಪ್ ನೋಡ್ರಿ ಹೆಂಗ್ ಬರ್ತೈತಿ’ ಎಂದು ಮೇಸ್ತ್ರಿ ಹುರಿದುಂಬಿಸುತ್ತಾನೆ. ಎರಡು ಬೋಲ್ಟ್ ಬಿಚ್ಚುವಷ್ಟರಲ್ಲಿ ನಿಮ್ಮ ಕಾರು ಸ್ಟಾಕ್ ಕ್ಲಾಸಿನಿಂದ ಹೊರಗೆ. ನಮ್ಮ ದೂಳಿಗೆ ಆ ಫಿಲ್ಟರ್ ಎಂಜಿನ್ನಿಗೂ ಒಳ್ಳೆಯದಲ್ಲ, ಅದು ಬೇರೆ ಮಾತು.

ಗೆರೆ ಎಲ್ಲಿ ಎಳೆಯುತ್ತಾರೆ ಎಂಬುದಕ್ಕೆ ಅಮೆರಿಕದ ಎಸ್‌ಸಿಸಿಎ ಸಂಸ್ಥೆಯ ಸೋಲೊ (ಆಟೊಕ್ರಾಸ್‌ಗೆ ಅವರಿಟ್ಟ ಹೆಸರು) ಸ್ಪರ್ಧೆಗಳ ನಿಯಮ ಒಳ್ಳೆಯ ಮಾದರಿ. ಅಲ್ಲಿನ ಸ್ಟ್ರೀಟ್ ವಿಭಾಗದಲ್ಲಿ ಫಿಲ್ಟರ್ ಎಲಿಮೆಂಟ್ ಬದಲಿಸಬಹುದು, ಗಾಳಿ ಬರುವ ದಾರಿ ಬದಲಿಸುವಂತಿಲ್ಲ. ಶಾಕ್ ಅಬ್ಸಾರ್ಬರ್ ಬದಲಿಸಬಹುದು, ಸ್ಪ್ರಿಂಗ್ ಮುಟ್ಟುವಂತಿಲ್ಲ. ಬ್ರೇಕ್ ಪ್ಯಾಡ್ ನಿಮ್ಮಿಷ್ಟ. ಚಕ್ರದ ವ್ಯಾಸ ಒಂದು ಇಂಚು ಹೆಚ್ಚುಕಡಿಮೆ ಆಗಬಹುದು, ಅಗಲ ಕಂಪನಿಯದ್ದೇ ಇರಬೇಕು. ಟೈರಿನ ಟ್ರೆಡ್‌ವೇರ್ ಅಂಕಿ (ಕಡಿಮೆ ಇದ್ದಷ್ಟೂ ಟೈರು ಬೇಗ ಸವೆಯುತ್ತದೆ) 200ಕ್ಕಿಂತ ಕಡಿಮೆ ಇರಕೂಡದು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿದರೆ ಮೇಲಿನ ವಿಭಾಗ. ಎಸ್‌ಸಿಸಿಎಯವರು ಸಿಸಿ ಒಂದನ್ನೇ ನೋಡುವುದಿಲ್ಲ. ಯಾವ ಮಾಡೆಲ್ ಯಾವ ಕ್ಲಾಸು ಎಂದು ಹೆಸರು ಹಿಡಿದು ಪಟ್ಟಿ ಮಾಡಿರುತ್ತಾರೆ. ನನ್ನ ಮಟ್ಟಿಗೆ ಅದು ಸಿಸಿ ಲೆಕ್ಕಕ್ಕಿಂತ ನ್ಯಾಯವಾದದ್ದು. ಒಂದೇ ಸಿಸಿಯ ಎರಡು ಕಾರುಗಳ ತೂಕದಲ್ಲಿ ಕ್ವಿಂಟಲ್‌ಗಟ್ಟಲೆ ವ್ಯತ್ಯಾಸ ಇರಬಹುದಲ್ಲ!

ಈ ನಿಯಮಗಳನ್ನು ಓದುವ ರೀತಿ ಒಂದೇ: ‘ಮಾಡಬಹುದು’ ಎಂದು ಬರೆಯದೇ ಇದ್ದದ್ದನ್ನು ಮಾಡುವಂತಿಲ್ಲ. ‘ಬೇಡ ಅಂತ ಎಲ್ಲೂ ಬರೆದಿಲ್ಲವಲ್ಲ’ ಎಂಬ ವಾದ ಯಾವ ಅಧಿಕಾರಿಯ ಮುಂದೆಯೂ ನಡೆಯದು. ಹಿಂದಿನ ಸೀಟು ಬಿಚ್ಚಿ ಭಾರ ಇಳಿಸಿದವರು, ಬಂಪರ್ ತೆಗೆದವರು ಎಲ್ಲರೂ ಇದೇ ಮಾತಿನಿಂದ ಶುರು ಮಾಡುತ್ತಾರೆ.

ಐದು: ಟೈರು, ನೆಲ

ನಮ್ಮಲ್ಲಿ ಆಟೊಕ್ರಾಸ್ ಹೆಚ್ಚಾಗಿ ಮಣ್ಣಿನ ಮೇಲೆ. ಎರೆ ನೆಲದಲ್ಲಿ ಒಂದು ಮಳೆ ಬಿದ್ದರೆ ಮಣ್ಣು ಟೈರಿಗೆ ಮೆತ್ತಿಕೊಂಡು ಚಕ್ರ ಸುಮ್ಮನೆ ಸುತ್ತುತ್ತದೆ. ಮಸಾರಿ ನೆಲ ಒಣಗಿದ್ದರೆ ಮೇಲಿನ ಪುಡಿ ಜಾರಿಸುತ್ತದೆ. ರ‍್ಯಾಲಿ ಟೈರ್ ಹಾಕಿದವನಿಗೆ ದೊಡ್ಡ ಲಾಭ. ಆದ್ದರಿಂದ ಯಾವ ಟೈರು ಸಲ್ಲುತ್ತದೆ ಎಂಬ ಸಾಲನ್ನು ಎಸ್‌ಆರ್‌ನಲ್ಲಿ ಹುಡುಕಿ ಓದಿ. ಸ್ಟಾಕ್ ಕ್ಲಾಸಿನಲ್ಲಿ ರಸ್ತೆ ಟೈರ್ ಮಾತ್ರ ಎಂದಿದ್ದರೆ ಹೊಸ ಸೆಟ್‌ಗೆ ಸಾಲ ಮಾಡುವ ಪ್ರಮೇಯವೇ ಇಲ್ಲ.

ಆರು: ಸ್ಕ್ರೂಟಿನಿ

ಸ್ಕ್ರೂಟಿನಿ ಎಂದರೆ ಓಟಕ್ಕೆ ಮುಂಚೆ ಕಾರಿನ ತಪಾಸಣೆ. ಕ್ಲಾಸು ಪಕ್ಕಾ ಆಗುವುದು ಇಲ್ಲಿ. ಪರೀಕ್ಷಕ ಬಾನೆಟ್ ಎತ್ತಿಸಿ ಬ್ಯಾಟರಿಯನ್ನು ಕೈಯಿಂದ ಅಲ್ಲಾಡಿಸುತ್ತಾನೆ. ಅಲ್ಲಾಡಿದರೆ ಕ್ಲ್ಯಾಂಪ್ ಬಿಗಿ ಮಾಡಿಸಿ ಮತ್ತೆ ಸರದಿಗೆ ನಿಲ್ಲಬೇಕು. ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಜಗ್ಗಿ ನೋಡುತ್ತಾನೆ, ಬೇರಿಂಗ್ ಅಥವಾ ಬಾಲ್‌ಜಾಯಿಂಟ್ ಸಡಿಲವಿದ್ದರೆ ಕೈಗೇ ಗೊತ್ತಾಗುತ್ತದೆ. ಆ್ಯಕ್ಸಿಲರೇಟರ್ ಒತ್ತಿ ಬಿಟ್ಟರೆ ತಾನಾಗಿ ವಾಪಸ್ ಬರಬೇಕು. ಸೀಟ್‌ಬೆಲ್ಟ್, ಹೆಲ್ಮೆಟ್, ಟೋ ಹುಕ್ ಇವೆಲ್ಲ ಸರಿಯಿರಬೇಕು. ಕಾರಿನೊಳಗೆ ಸಡಿಲವಾಗಿ ಏನೂ ಇರಕೂಡದು. ಫ್ಲೋರ್ ಮ್ಯಾಟ್, ನೀರಿನ ಬಾಟಲಿ, ಡ್ಯಾಶ್‌ಬೋರ್ಡ್ ಮೇಲಿನ ಕನಕದುರ್ಗಮ್ಮನ ಮೂರ್ತಿ ಕೂಡ. ಅಮ್ಮನನ್ನು ಭಕ್ತಿಯಿಂದ ತೆಗೆದು ಗೆಳೆಯನ ಕೈಗೆ ಕೊಟ್ಟು ಬನ್ನಿ.

ನಿಮ್ಮ ಕಾರು ಎರಡು ಕ್ಲಾಸಿನ ನಡುವೆ ಬೀಳುವಂತಿದ್ದರೆ ಇಲ್ಲಿಯೇ ಕೇಳಿ, ಮೇಲಿನ ಕ್ಲಾಸಿಗೇ ಬರೆಸಿ. ಕೆಳಗಿನ ಕ್ಲಾಸಿನಲ್ಲಿ ಓಡಿಸಿ ಗೆದ್ದಮೇಲೆ ಯಾರಾದರೂ ಪ್ರೊಟೆಸ್ಟ್ ಶುಲ್ಕ ಕಟ್ಟಿ ದೂರು ಕೊಟ್ಟರೆ ಕಪ್ಪೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಇನ್ನುಳಿದದ್ದು ಚಾಲಕನ ಲೆಕ್ಕದ ಕ್ಲಾಸುಗಳು. ಮಹಿಳೆಯರಿಗೆ, ಹೊಸಬರಿಗೆ ಬೇರೆ ಪಟ್ಟಿ ಇರುವುದುಂಟು. ಅಣ್ಣ–ತಂಗಿ ಒಂದೇ ಕಾರಿನಲ್ಲಿ ಬೇರೆ ಬೇರೆ ಕ್ಲಾಸಿಗೆ ಹೆಸರು ಕೊಡುವುದಿದ್ದರೆ ಫಾರ್ಮಿನಲ್ಲಿ ಅದನ್ನು ಮೊದಲೇ ಬರೆಯಿರಿ. ಇಬ್ಬರ ಸರದಿಯ ನಡುವೆ ಅಂತರ ಬಿಡಲು ಸಂಘಟಕರಿಗೆ ಅನುಕೂಲವಾಗುತ್ತದೆ, ಬಳ್ಳಾರಿ ಬಿಸಿಲಿನಲ್ಲಿ ಬ್ರೇಕು, ಎಂಜಿನ್ನು ಆರಲಿಕ್ಕೂ ಸ್ವಲ್ಪ ಹೊತ್ತು ಸಿಗುತ್ತದೆ.