ಮಧ್ಯಾಹ್ನದವರೆಗೂ ಮೆತ್ತಗಾಗದ ಸ್ಯಾಂಡ್‌ವಿಚ್

ಬೆಳಿಗ್ಗೆ ಏಳೂವರೆಗೆ ಡಬ್ಬಿಗೆ ಹಾಕಿದ ಸ್ಯಾಂಡ್‌ವಿಚ್ ಮಗುವಿನ ಬಾಯಿಗೆ ಬೀಳುವುದು ಹನ್ನೆರಡೂವರೆಗೋ ಒಂದು ಗಂಟೆಗೋ. ಕಟ್ಟಿಕೊಡುವವರು ಮಾತ್ರ ಅದರ ರುಚಿಯನ್ನು ಒಲೆಯ ಪಕ್ಕದಲ್ಲೇ ನೋಡಿ ತೃಪ್ತರಾಗಿರುತ್ತಾರೆ. ಈ ನಡುವಿನ ಐದು ಗಂಟೆಗಳಲ್ಲಿ ಸೌತೆಕಾಯಿ ನೀರು ಬಿಡುತ್ತದೆ, ಬ್ರೆಡ್ ಅದನ್ನು ಹೀರುತ್ತದೆ, ಕಾಯಿ ಚಟ್ನಿ ಹಳಸತೊಡಗುತ್ತದೆ. ಆದ್ದರಿಂದ ಮುಂದೆ ಹೇಳಿರುವ ಹಂತಗಳೆಲ್ಲ ಡಬ್ಬಿ ತೆರೆಯುವ ಹೊತ್ತನ್ನು ಗಮನದಲ್ಲಿಟ್ಟುಕೊಂಡವು.

ಮೊದಲು ಬ್ರೆಡ್ ಆಯ್ಕೆ. ಕಂದು ಬಣ್ಣವಿದ್ದ ಮಾತ್ರಕ್ಕೆ ಅದು ಗೋಧಿ ಬ್ರೆಡ್ ಆಗಿರಬೇಕೆಂದಿಲ್ಲ. ಮೈದಾಕ್ಕೆ ಕ್ಯಾರಮೆಲ್ ಬಣ್ಣ ಬೆರೆಸಿದರೂ ಅದೇ ಬಣ್ಣ ಬರುತ್ತದೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿರುವುದರಿಂದ, ಪಟ್ಟಿಯ ಮೊದಲ ಹೆಸರು ಗೋಧಿ ಹಿಟ್ಟಿನದೋ, ಸಂಸ್ಕರಿಸಿದ ಗೋಧಿ ಹಿಟ್ಟಿನದೋ, ಅಂದರೆ ಮೈದಾದ್ದೋ ಎಂದು ನೋಡಿದರೆ ಸಾಕು. ಬಡಾವಣೆಯ ಅಯ್ಯಂಗಾರ್ ಬೇಕರಿಯಲ್ಲಿ ಕೊಳ್ಳುವವರು ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಬಹುದು. ತಂದ ಬ್ರೆಡ್ಡನ್ನು ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಬೂಸ್ಟು ತಡವಾಗಿ ಬರುತ್ತದೆ ನಿಜ, ಆದರೆ ಅದು ಬೇಗ ಒರಟಾಗುತ್ತದೆ. ಒಂದೆರಡು ದಿನಕ್ಕೆ ಬೇಕಾದಷ್ಟನ್ನು ಹೊರಗಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕುವುದು ಲೇಸು.

ಎರಡನೆಯದು ಒಳಗಿನ ಹೂರಣ. ಸ್ಯಾಂಡ್‌ವಿಚ್ಚಿನ ಪೌಷ್ಟಿಕತೆಯೆಲ್ಲ ಬಹುಪಾಲು ಇದರ ಮೇಲೆಯೇ ನಿಂತಿದೆ. ಬರೀ ಜಾಮ್ ಸವರಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸಾಮಾನ್ಯ ಜಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುತ್ತದೆ. ನಮ್ಮ ಮೈಸೂರು, ಮಂಡ್ಯದ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಸಾಮಗ್ರಿ ಆಗಲೇ ಸಿದ್ಧವಾಗಿರುತ್ತದೆ. ಬಸ್ಸಾರು ಮಾಡಿದ ರಾತ್ರಿ ಕಾಳು, ಸೊಪ್ಪು ಬೇಯಿಸಿದ ನೀರನ್ನು ಸಾರಿಗೆಂದು ಬಸಿದುಕೊಂಡಾಗ ಉಳಿಯುವ ಪಲ್ಯ ಸ್ವಭಾವತಃ ಒಣಗಿರುವುದರಿಂದ, ಸ್ಯಾಂಡ್‌ವಿಚ್ಚಿಗೆ ಅದಕ್ಕಿಂತ ಹೊಂದುವ ಹೂರಣ ಬೇರೊಂದನ್ನು ನಾನು ಕಂಡಿಲ್ಲ. ಅದರಲ್ಲಿ ಒಂದು ಪಾಲನ್ನು ಕಾಯಿತುರಿ ಹಾಕುವ ಮೊದಲೇ ಎತ್ತಿಟ್ಟು, ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಬೆಳಿಗ್ಗೆ ಹಬೆಯಾಡುವಷ್ಟು ಬಿಸಿ ಮಾಡಿ, ಸೌಟಿನ ಹಿಂಬದಿಯಿಂದ ಅರೆಬರೆ ಮಸೆದು, ಒಂದು ಚಮಚ ಹುರಿಗಡಲೆ ಪುಡಿ ಬೆರೆಸಿದರೆ ಉಳಿದ ತೇವವನ್ನು ಆ ಪುಡಿ ಹಿಡಿದುಕೊಳ್ಳುತ್ತದೆ, ಕಾಳುಗಳು ಉದುರುವುದೂ ಇಲ್ಲ. ಬಸ್ಸಾರು ಇಲ್ಲದ ದಿನ ಕಡಲೆಕಾಳು ಅಥವಾ ಹೆಸರುಕಾಳಿನ ಉಸಲಿಯನ್ನು ಇದೇ ರೀತಿ ಬಳಸಬಹುದು.

ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಪನೀರು, ನೀರು ಬಸಿದ ಗಟ್ಟಿ ಮೊಸರು ಇವೂ ಉತ್ತಮವೇ. ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಆದರೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುವುದರಿಂದ, ರಾತ್ರಿ ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿದ ಚಿಕ್ಕ ನೀರಿನ ಬಾಟಲಿಯನ್ನು ಡಬ್ಬಿಗೆ ಒತ್ತಿಕೊಂಡಿರುವಂತೆ ಚೀಲದಲ್ಲಿಡುವ ವ್ಯವಸ್ಥೆ ಇದ್ದಾಗ ಮಾತ್ರ ಇವನ್ನು ಕಳುಹಿಸಬೇಕು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಪಲ್ಯವನ್ನೂ ಕೈಬಿಟ್ಟು, ತುಪ್ಪದಲ್ಲಿ ಕಲಸಿದ ಕಡಲೆಕಾಯಿ ಚಟ್ನಿಪುಡಿ ಅಥವಾ ಹುಚ್ಚೆಳ್ಳು ಚಟ್ನಿಪುಡಿಗೆ ಮರಳುವುದು ಕ್ಷೇಮ. ಕಡಲೆಕಾಯಿ ಒಗ್ಗದ ಮಕ್ಕಳು ತರಗತಿಯಲ್ಲಿರಬಹುದು. ಶಾಲೆಯವರನ್ನು ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಜೋಡಿಸುವ ಕ್ರಮ. ಬ್ರೆಡ್ ಹೋಳುಗಳನ್ನು ಕಾವಲಿಯ ಮೇಲೆ ಎರಡೂ ಬದಿ ಲಘುವಾಗಿ ಬಿಸಿ ಮಾಡಿ, ತಟ್ಟೆಯಲ್ಲಿಡದೆ ಜಾಲರಿಯ ಮೇಲೆ ಆರಲು ಬಿಡಬೇಕು. ತಟ್ಟೆಯಲ್ಲಿಟ್ಟರೆ ಅಡಿಯಲ್ಲಿ ಬೆವರುತ್ತದೆ. ಆರಿದ ಮೇಲೆ ಎರಡು ಹೋಳುಗಳ ಒಳಮೈಗೂ ಬೆಣ್ಣೆಯನ್ನೋ ತುಪ್ಪವನ್ನೋ ತೆಳ್ಳಗೆ, ಅಂಚಿನವರೆಗೆ ಸವರಬೇಕು. ಈ ಜಿಡ್ಡಿನ ಪದರವೇ ತರಕಾರಿಯ ನೀರನ್ನು ತಡೆಯುವುದರಿಂದ ಇದನ್ನು ಬಿಡುವಂತಿಲ್ಲ. ಸೌತೆಕಾಯಿ ಬಿಲ್ಲೆಗಳಿಗೆ ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಬಿಟ್ಟ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯಬೇಕು. ಟೊಮೆಟೊ ಹಾಕುವುದಾದರೆ ಬೀಜದ ತಿರುಳನ್ನು ತೆಗೆದು ಗಟ್ಟಿ ಭಾಗವನ್ನಷ್ಟೇ ಬಳಸಬೇಕು; ತುರಿದ ಕ್ಯಾರೆಟ್ಟಿಗೆ ಈ ತೊಂದರೆಯಿಲ್ಲ. ಹಸಿ ಈರುಳ್ಳಿ ಬೇಡ. ಮುಚ್ಚಳ ತೆರೆದೊಡನೆ ತರಗತಿಯಿಡೀ ಹರಡುವ ವಾಸನೆಗೆ ನಾಚಿ ಡಬ್ಬಿಯನ್ನೇ ಮುಚ್ಚಿಬಿಡುವ ಮಕ್ಕಳಿದ್ದಾರೆ. ಚಟ್ನಿ ಬೇಕೆನಿಸಿದರೆ ಕಾಯಿಯ ಬದಲು ಹುರಿಗಡಲೆ ಹಾಕಿ, ಕೊತ್ತಂಬರಿ, ಪುದೀನ, ನಿಂಬೆರಸದೊಂದಿಗೆ ಗಟ್ಟಿಯಾಗಿ ರುಬ್ಬಿಕೊಳ್ಳಿ.

ಪಲ್ಯ ಪೂರ್ತಿ ತಣ್ಣಗಾದ ಮೇಲೆಯೇ ತುಂಬಿ, ಚಿಕ್ಕ ಮಕ್ಕಳಿಗೆ ನಾಲ್ಕು, ದೊಡ್ಡವರಿಗೆ ಎರಡು ತುಂಡು ಮಾಡಿ, ಬಟರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ. ಮುದ್ರಣದ ಶಾಯಿ ಆಹಾರಕ್ಕೆ ಅಂಟುವುದರಿಂದ ಪತ್ರಿಕೆಯ ಹಾಳೆಯಲ್ಲಿ, ಈ ಪುರವಣಿಯನ್ನೂ ಸೇರಿಸಿ, ಸುತ್ತಬಾರದು. ಜೊತೆಗೆ ಏಲಕ್ಕಿ ಬಾಳೆಯನ್ನೋ ಇಡೀ ಸೀಬೆಹಣ್ಣನ್ನೋ ಇಟ್ಟರೆ ಊಟ ಪೂರ್ಣವಾಗುತ್ತದೆ.

ಸಂಜೆ ಡಬ್ಬಿಯಲ್ಲಿ ಉಳಿದು ಬಂದ ತುಂಡನ್ನು ಮತ್ತೆ ಬಿಸಿ ಮಾಡಿ ಕೊಡಬಾರದು. ಅದರಲ್ಲಿ ಮಗು ಏನನ್ನು ಬಿಟ್ಟಿದೆ ಎಂದು ಮಾತ್ರ ನೋಡಿಕೊಂಡು, ಮಾರನೆಯ ಸಲ ಹೂರಣವನ್ನು ಬದಲಿಸಬೇಕೋ ಪ್ರಮಾಣವನ್ನು ತಗ್ಗಿಸಬೇಕೋ ಎಂಬುದನ್ನು ನಿರ್ಧರಿಸಬಹುದು.