ಡಯಟೆಟಿಕ್ಸ್ ಪದವಿ: ಕೊನೆಯ ವರ್ಷದಿಂದ ಹಿಂದಕ್ಕೆ ಲೆಕ್ಕ ಹಾಕಿ

ಡಯಟೀಷಿಯನ್ ಆಗಬೇಕು, ಸೀಟು ಸಿಗೋದಕ್ಕೆ ಏನೇನು ಬೇಕು ಅಂತ ಕೇಳಿಕೊಂಡು ನನ್ನ ಹತ್ತಿರ ಆಗಾಗ ಯಾರಾದರೂ ಬರುತ್ತಾರೆ. ಎಲ್ಲರೂ ಅಂಕಪಟ್ಟಿ ಹಿಡಿದೇ ಮಾತು ಶುರು ಮಾಡುತ್ತಾರೆ. ನಾನು ಮೊದಲು ಕೊನೆಯ ವರ್ಷದ ಬಗ್ಗೆ ಹೇಳುತ್ತೇನೆ. ಅಲ್ಲಿ ಆಸ್ಪತ್ರೆಯಲ್ಲಿ ನಿಂತು ಮಾಡುವ ತರಬೇತಿ ಇರುತ್ತದೆ, ಅದಕ್ಕೆ ಕೂರಬೇಕಾದರೆ ಹಿಂದಿನ ಸೆಮಿಸ್ಟರ್‌ನಲ್ಲಿ ಏನು ಮುಗಿದಿರಬೇಕು, ಅದಕ್ಕೂ ಹಿಂದೆ ಏನು ಮುಗಿದಿರಬೇಕು ಅಂತ ಹಿಂದಕ್ಕೆ ಬಂದರೆ ಮಾತ್ರ ಈ ಕೋರ್ಸ್‌ನ ನಕ್ಷೆ ಕಣ್ಣಿಗೆ ಕಾಣುತ್ತದೆ. ನನಗೆ ಇದನ್ನು ಯಾರೂ ಹೇಳಲಿಲ್ಲ. ಒಂದು ವರ್ಷ ಹೋಯಿತು.

ಮೊದಲ ವಿಷಯ, ಪದವಿಯ ಹೆಸರು ನೋಡಿ ಮೋಸ ಹೋಗಬೇಡಿ. ನ್ಯೂಟ್ರಿಷನ್ ಪದವಿ ಬೇರೆ, ಡಯಟೆಟಿಕ್ಸ್ ಪದವಿ ಬೇರೆ. ಪಾಠಗಳು ಅರ್ಧಕ್ಕರ್ಧ ಒಂದೇ ಥರ ಇರಬಹುದು. ಆದರೆ ರೋಗಿಗಳ ಜೊತೆ ಮೇಲ್ವಿಚಾರಣೆಯಲ್ಲಿ ಮಾಡುವ ತರಬೇತಿ ಇಲ್ಲದ ಪದವಿ ಹಿಡಿದುಕೊಂಡು ಹೋದರೆ ಎಷ್ಟೋ ಕಡೆ ಡಯಟೀಷಿಯನ್ ಅಂತ ನೋಂದಣಿ ಮಾಡಿಕೊಳ್ಳುವುದಿಲ್ಲ. ಡಯಟೆಟಿಕ್ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಒಂದು ಕನಿಷ್ಠ ಮಟ್ಟ ಇಟ್ಟಿದೆ: ಪದವಿ ಆಗಿರಬೇಕು, ಜೊತೆಗೆ ಕನಿಷ್ಠ 500 ಗಂಟೆ ಮೇಲ್ವಿಚಾರಣೆಯ ತರಬೇತಿ ಆಗಿರಬೇಕು. ಇದಕ್ಕಿಂತ ಜಾಸ್ತಿ ಕೇಳುವ ದೇಶಗಳೂ ಇವೆ. ಅಮೆರಿಕದಲ್ಲಿ ಕನಿಷ್ಠ 1,000 ಗಂಟೆ. ಅಲ್ಲಿ 2024ರ ಜನವರಿ 1ರಿಂದ ನೋಂದಣಿ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿಯೂ ಬೇಕು, ಅದಕ್ಕೂ ಮುಂಚೆ ಪದವಿ ಇದ್ದರೆ ಸಾಕಿತ್ತು. ನಾಲ್ಕು ವರ್ಷ ಓದುವಷ್ಟರಲ್ಲಿ ನಿಯಮವೇ ಬದಲಾಗಬಹುದು ಅಂತ ಇದರ ಅರ್ಥ. ಹಾಗಾಗಿ ವಿಶ್ವವಿದ್ಯಾಲಯದ ಕೈಪಿಡಿ ಓದುವ ಮುಂಚೆ, ನೀವು ಕೆಲಸ ಮಾಡಬೇಕು ಅಂದುಕೊಂಡಿರುವ ಕಡೆಯ ನೋಂದಣಿ ಮಂಡಳಿ ಯಾವ ಪದವಿಗೆ ಮಾನ್ಯತೆ ಕೊಟ್ಟಿದೆ ಅನ್ನೋದನ್ನು ನೋಡಿ. ಕಾಲೇಜಿನವರು "ಆಗುತ್ತೆ, ಆಗುತ್ತೆ" ಅಂದರೆ ಸಾಲದು. ಮಂಡಳಿಯ ಪಟ್ಟಿಯಲ್ಲಿ ಆ ಕೋರ್ಸ್‌ನ ಹೆಸರು ಇರಬೇಕು.

ಇನ್ನು ಪ್ರವೇಶ. ಶಾಲೆಯಲ್ಲಿ ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು ಅನ್ನೋದು ಹೆಚ್ಚಿನ ಕಡೆ ಇದೆ. ಗಣಿತದಲ್ಲಿ ಇಷ್ಟು ಅಂಕ ಇರಬೇಕು ಅಂತಲೂ ಕೇಳುತ್ತಾರೆ. ಬೇರೆ ಪದವಿ ಮುಗಿಸಿ ಬರುವವರಿಗೆ ಇನ್ನೊಂದು ತೊಡಕು ಇದೆ. ಹತ್ತು ವರ್ಷದ ಹಿಂದೆ ಓದಿದ ಕೆಮಿಸ್ಟ್ರಿಯನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ, ಮತ್ತೆ ಓದಿ ಬನ್ನಿ ಅನ್ನುತ್ತವೆ. ವಿಜ್ಞಾನದ ವಿಷಯಗಳಲ್ಲಿ ಸುಮ್ನೆ ಪಾಸಾದರೆ ಆಗಲ್ಲ, ಇಂತಿಷ್ಟು ಗ್ರೇಡ್ ಬೇಕು ಅನ್ನುವುದೂ ಸಾಮಾನ್ಯ. ನನಗೆ ಬಯಾಲಜಿಯಲ್ಲಿ ಒಳ್ಳೆ ಅಂಕ ಇತ್ತು, ಕೆಮಿಸ್ಟ್ರಿಯಲ್ಲಿ ಇರಲಿಲ್ಲ. ಷರತ್ತಿನ ಮೇಲೆ ಸೀಟು ಕೊಟ್ಟರು. ಮೊದಲ ಸೆಮಿಸ್ಟರ್‌ನಲ್ಲಿ ಬೇರೆಯವರು ನೇರವಾಗಿ ಸಾಮಾನ್ಯ ಕೆಮಿಸ್ಟ್ರಿ ತೆಗೆದುಕೊಂಡರೆ, ನಾನು ಒಂದು ಪೂರ್ವತಯಾರಿ ಕೋರ್ಸ್ ಮುಗಿಸಿ ಆಮೇಲೆ ಅದಕ್ಕೆ ಹೋಗಬೇಕಿತ್ತು. ಸೀಟು ಸಿಕ್ಕಿತಲ್ಲ ಅನ್ನೋ ಖುಷಿಯಲ್ಲಿ ಆ ಷರತ್ತನ್ನು ನಾನು ಸರಿಯಾಗಿ ಓದಲೇ ಇಲ್ಲ.

ಅರ್ಜಿಯ ಜೊತೆ ಒಂದು ಪುಟ ಬರೆಯಬೇಕಿತ್ತು, ಈ ಕೋರ್ಸ್ ಯಾಕೆ ಅಂತ. ಮೊದಲ ಸಲ "ಜನರಿಗೆ ಸಹಾಯ ಮಾಡಬೇಕು" ಅಂತ ಬರೆದೆ. ಓದಿ ನೋಡಿದರೆ ಅದನ್ನು ಯಾರು ಬೇಕಾದರೂ, ಯಾವ ಕೋರ್ಸಿಗೆ ಬೇಕಾದರೂ ಬರೆಯಬಹುದಿತ್ತು. ಹರಿದು ಹಾಕಿ ಅಪ್ಪನ ವಿಷಯ ಬರೆದೆ. ಅಪ್ಪನಿಗೆ ಕಿಡ್ನಿ ತೊಂದರೆ ಆದಾಗ ಒಂದು ಹಾಳೆ ಕೊಟ್ಟು ಕಳಿಸಿದ್ದರು. ತಿನ್ನಬಾರದ್ದರ ಪಟ್ಟಿ ಅದು, ಮೇಲಿಂದ ಕೆಳಗಿನವರೆಗೆ. ಅಮ್ಮ ಆ ಹಾಳೆಯನ್ನು ಅಡುಗೆಮನೆಯಲ್ಲಿ ಹಿಡಿದುಕೊಂಡು "ಹಾಗಾದ್ರೆ ಏನು ಮಾಡಿ ಹಾಕಲಿ?" ಅಂತ ಕೇಳಿದ್ದಳು. ಆ ಪ್ರಶ್ನೆಗೆ ಉತ್ತರ ಕಲಿಯಬೇಕು ಅಂತ ಬರೆದೆ. ಸಂದರ್ಶನದಲ್ಲಿ ಅದರ ಮೇಲೇ ಕೇಳಿದರು. ಪೊಟ್ಯಾಸಿಯಂ ಕಡಿಮೆ ಮಾಡಬೇಕು ಅಂತ ಹೇಳಿಯೂ ರೋಗಿ ಕೇಳದೇ ಹೋದರೆ ಏನು ಮಾಡುತ್ತೀರಿ? ಯಾಕೆ ಕೇಳುತ್ತಿಲ್ಲ ಅಂತ ಮೊದಲು ತಿಳಿದುಕೊಳ್ಳುತ್ತೇನೆ, ಅಡುಗೆ ಮಾಡುವವರ ಜೊತೆಯೂ ಮಾತಾಡುತ್ತೇನೆ ಅಂದೆ. ಅರ್ಜಿ ಹಾಕುವ ಮುಂಚೆ ಯಾರಾದರೂ ಡಯಟೀಷಿಯನ್ ಜೊತೆ ಒಂದು ದಿನ ಇದ್ದು ನೋಡಿ. ಸಂದರ್ಶನದಲ್ಲಿ ಅದು ತಾನಾಗಿಯೇ ಮಾತಿಗೆ ಬರುತ್ತದೆ, ಮತ್ತೆ ಈ ಕೆಲಸದಲ್ಲಿ ಎಷ್ಟು ಓಡಾಟ, ಎಷ್ಟು ಬರವಣಿಗೆ ಇದೆ ಅಂತಲೂ ಕಾಣುತ್ತದೆ.

ಈಗ ನನ್ನ ವರ್ಷ ಹೋದ ಕಥೆ. ಸಾಮಾನ್ಯ ಕೆಮಿಸ್ಟ್ರಿ ಮುಗಿಯದೆ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಸೇರಿಸಿಕೊಳ್ಳುವುದಿಲ್ಲ. ಅದು ಮುಗಿಯದೆ ಬಯೋಕೆಮಿಸ್ಟ್ರಿ ಇಲ್ಲ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ ಎರಡೂ ಮುಗಿಯದೆ ಮೆಡಿಕಲ್ ನ್ಯೂಟ್ರಿಷನ್ ಥೆರಪಿ, ಅಂದರೆ ಕಾಯಿಲೆಗೆ ತಕ್ಕ ಆಹಾರ ಹೇಳುವ ವಿಷಯ, ಇಲ್ಲ. ಅದು ಎರಡು ಸೆಮಿಸ್ಟರ್‌ನದು. ಅದಾದ ಮೇಲೇ ಆಸ್ಪತ್ರೆ. ಬೋಗಿಗೆ ಬೋಗಿ ಜೋಡಿಸಿದ ಹಾಗೆ. ನಮ್ಮಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ವರ್ಷಕ್ಕೆ ಒಂದೇ ಸಲ ನಡೆಯುತ್ತಿತ್ತು. ನಾನು ಪೂರ್ವತಯಾರಿ ಮುಗಿಸಿ, ಸಾಮಾನ್ಯ ಕೆಮಿಸ್ಟ್ರಿ ಮುಗಿಸಿ ಬರುವಷ್ಟರಲ್ಲಿ ಅದು ಆ ವರ್ಷಕ್ಕೆ ಮುಗಿದುಹೋಗಿತ್ತು. ರಜೆಯಲ್ಲಿ ಪೂರ್ವತಯಾರಿ ಕೋರ್ಸ್ ಮಾಡಿಕೊಳ್ಳಲು ಅವಕಾಶ ಇತ್ತು, ಸೇರುವ ಮುಂಚೆಯೇ. ಆ ಒಂದು ಸಾಲು ಷರತ್ತಿನ ಪತ್ರದಲ್ಲೇ ಇತ್ತು. ನನ್ನ ಜೊತೆ ಸೇರಿದವರು ವಾರ್ಡಿಗೆ ಹೋದಾಗ ನಾನು ಇನ್ನೂ ತರಗತಿಯಲ್ಲೇ ಇದ್ದೆ. ಈಗ ಯಾರೇ ಬರಲಿ, ಒಂದು ಹಾಳೆ ತೆಗೆದು ಬಲತುದಿಯಲ್ಲಿ ಇಂಟರ್ನ್‌ಶಿಪ್ ಅಂತ ಬರೆಸಿ, ಎಡಕ್ಕೆ ಒಂದೊಂದೇ ವಿಷಯ ಬರೆಸುತ್ತೇನೆ. ಯಾವುದು ವರ್ಷಕ್ಕೆ ಒಂದೇ ಸಲ ನಡೆಯುತ್ತದೋ ಅದಕ್ಕೆ ಸುತ್ತ ಗೆರೆ.

ಇಷ್ಟೆಲ್ಲ ಕೆಮಿಸ್ಟ್ರಿ ಡಯಟೀಷಿಯನ್‌ಗೆ ಯಾಕೆ ಅಂತ ನಾನೂ ಬೇಜಾರು ಮಾಡಿಕೊಂಡವನೇ. ಉತ್ತರ ಸಿಕ್ಕಿದ್ದು ವಾರ್ಡಿನಲ್ಲಿ. ಐವತ್ತು ವರ್ಷದ ಒಬ್ಬರು, 42 ಕೆಜಿ ತೂಕ, 160 ಸೆಂಟಿಮೀಟರ್ ಎತ್ತರ. ಹತ್ತು ದಿನಕ್ಕೂ ಜಾಸ್ತಿ ಹೆಚ್ಚುಕಡಿಮೆ ಏನೂ ತಿಂದಿರಲಿಲ್ಲ. ನನಗೆ ಕಲಿಸುತ್ತಿದ್ದ ಹಿರಿಯ ಡಯಟೀಷಿಯನ್ "ಎಷ್ಟರಿಂದ ಶುರು ಮಾಡ್ತೀಯ?" ಅಂತ ಕೇಳಿದರು. ಸುಮ್ಮನೆ ಮಲಗಿದ್ದರೂ ದೇಹಕ್ಕೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ಅಂದಾಜು ಮಾಡುವ ಮಿಫ್ಲಿನ್ ಸೇಂಟ್ ಜಿಯೋರ್ ಸೂತ್ರ ಹಾಕಿದೆ. ತೂಕಕ್ಕೆ 10ರಿಂದ ಗುಣಿಸಿ 420, ಎತ್ತರಕ್ಕೆ 6.25ರಿಂದ ಗುಣಿಸಿ 1,000, ವಯಸ್ಸಿಗೆ 5ರಿಂದ ಗುಣಿಸಿ 250 ಕಳೆದು, ಗಂಡಸಾದ್ದರಿಂದ 5 ಕೂಡಿದರೆ 1,175. ಓಡಾಟಕ್ಕೆ ಅಂತ ಅದನ್ನು 1.3ರಿಂದ ಗುಣಿಸಿ "ಸುಮಾರು 1,500 ಕ್ಯಾಲೊರಿ ಮೇಡಂ" ಅಂದೆ. ಲೆಕ್ಕ ಸರಿಯಾಗಿತ್ತು. ಅವರು ಹಾಳೆ ನೋಡಲೇ ಇಲ್ಲ. "ಫಾಸ್ಫೇಟ್ ಎಷ್ಟಿದೆ?" ಅಂದರು.

ನಾನು ನೋಡಿರಲಿಲ್ಲ. ಬಹಳ ದಿನ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಪಿಷ್ಟ, ಸಕ್ಕರೆ ಕೊಟ್ಟರೆ ಇನ್ಸುಲಿನ್ ಏರುತ್ತದೆ. ಅದು ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಜೀವಕೋಶದೊಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಬಡಿತವೇ ಏರುಪೇರಾಗಬಹುದು, ಜೀವಕ್ಕೇ ಅಪಾಯ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಇಂಥವರಿಗೆ ಕೆಜಿಗೆ ದಿನಕ್ಕೆ ಹೆಚ್ಚೆಂದರೆ 10 ಕ್ಯಾಲೊರಿಯಿಂದ ಶುರು ಮಾಡಿ, ರಕ್ತಪರೀಕ್ಷೆ ನೋಡುತ್ತಾ ಏರಿಸಬೇಕು. ಊಟ ಶುರುವಾಗುವ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಹೋಗಿರಬೇಕು. ಕೆಜಿಗೆ 10 ಅಂದರೆ ಇವರಿಗೆ 420 ಕ್ಯಾಲೊರಿ. ನಾನು ಹೇಳಿದ್ದು ಅದರ ಮೂರೂವರೆ ಪಟ್ಟು. ಬಯೋಕೆಮಿಸ್ಟ್ರಿಯಲ್ಲಿ ಗ್ಲೂಕೋಸ್ ಒಡೆಯುವ ಮೊದಲ ಹೆಜ್ಜೆಯಲ್ಲೇ ಫಾಸ್ಫೇಟ್ ಅಂಟಿಕೊಳ್ಳುತ್ತದೆ ಅಂತ ಪರೀಕ್ಷೆಗೆ ಬರೆದು ಬಂದಿದ್ದೆ. ಅದು ಎದುರಿಗೆ ಹಾಸಿಗೆಯ ಮೇಲೆ ಮಲಗಿರುವವರ ವಿಷಯ ಅಂತ ಅವತ್ತು ಅರ್ಥವಾಯಿತು.

ಉಳಿದ ವಿಷಯಗಳಲ್ಲಿ ಮೈಕ್ರೋಬಯಾಲಜಿ, ಆಹಾರ ವಿಜ್ಞಾನ, ಸ್ಟಾಟಿಸ್ಟಿಕ್ಸ್, ಸಮುದಾಯ ಪೋಷಣೆ, ಸಂಶೋಧನಾ ವಿಧಾನ ಇರುತ್ತವೆ. ಸ್ಟಾಟಿಸ್ಟಿಕ್ಸ್ ಬೇಗ ಮುಗಿಸಿಕೊಳ್ಳಿ, ಆಮೇಲಿನ ಎಲ್ಲ ವಿಷಯದಲ್ಲೂ ಸಂಶೋಧನಾ ಪ್ರಬಂಧ ಓದಿಸುತ್ತಾರೆ, ಅದು ಗೊತ್ತಿಲ್ಲದೆ ಓದಿದರೆ ಏನೂ ತಲೆಗೆ ಹತ್ತುವುದಿಲ್ಲ.

ಕೌನ್ಸೆಲಿಂಗ್ ಅನ್ನೋದು ಸುಲಭದ ವಿಷಯ ಅಂತ ನಮ್ಮ ತರಗತಿಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಮಾಡಲು ಕೂತಾಗ ಕಷ್ಟ ಗೊತ್ತಾಯಿತು. ಹಿಂದಿನ 24 ಗಂಟೆಯಲ್ಲಿ ಏನೇನು ತಿಂದಿರಿ ಅಂತ ಕೇಳಿ ಬರೆದುಕೊಳ್ಳುವುದು ಒಂದು ಅಭ್ಯಾಸ. "ಬೆಳಿಗ್ಗೆ ತಿಂಡಿ ತಿಂದ್ರಾ?" ಅಂತ ಕೇಳಿದರೆ ತಿನ್ನದವರೂ ಹೂಂ ಅನ್ನುತ್ತಾರೆ, ತಿನ್ನಬೇಕಿತ್ತು ಅಂತ ಅವರಿಗೂ ಗೊತ್ತು. "ಎದ್ದ ಮೇಲೆ ಮೊದಲು ಬಾಯಿಗೆ ಹಾಕಿದ್ದು ಏನು?" ಅಂತ ಕೇಳಬೇಕು. ಅವರು ಹೇಳುತ್ತಾ ಹೋಗಲಿ, ನಡುವೆ ಮಾತಾಡಬಾರದು. ಪೂರ್ತಿ ಹೇಳಿದ ಮೇಲೆ ಮತ್ತೆ ಮೊದಲಿನಿಂದ ಬಂದು ಲೋಟ ಎಷ್ಟು ದೊಡ್ಡದು, ಸಕ್ಕರೆ ಎಷ್ಟು ಚಮಚ, ಎಣ್ಣೆ ಹಾಕಿದ್ದು ಯಾರು ಅಂತ ಕೇಳಬೇಕು. ನಾನು ಮೊದಲು ಕೂತಾಗ ಒಬ್ಬರು ಹೇಳಿದ್ದು 1,100 ಕ್ಯಾಲೊರಿ ಬಂತು. ಎರಡನೇ ಸುತ್ತಿನಲ್ಲಿ ಕುಡಿದದ್ದೆಲ್ಲ ಹೊರಗೆ ಬಂತು. ಕುಡಿಯುವುದನ್ನು ಜನ ತಿನ್ನುವುದರಲ್ಲಿ ಲೆಕ್ಕ ಹಿಡಿಯುವುದಿಲ್ಲ.

ದೊಡ್ಡ ಅಡುಗೆಮನೆ ನಡೆಸುವ ವಿಷಯವೂ ಕಡ್ಡಾಯ. ಇದನ್ನು ಕೀಳಾಗಿ ನೋಡುವ ವಿದ್ಯಾರ್ಥಿಗಳನ್ನು ಕಂಡರೆ ನನಗೆ ನೋವಾಗುತ್ತದೆ. ನೀವು ಬರೆದ ಪಥ್ಯ ತಟ್ಟೆಗೆ ಬರೋದು ಅಲ್ಲಿಂದಲೇ ಅಲ್ವಾ? ಮೊದಲ ದಿನ ನಮಗೆ 10 ಕೆಜಿ ಆಲೂಗೆಡ್ಡೆ ಕೊಟ್ಟು ತೂಕ ಮಾಡಿಸಿ, ಸಿಪ್ಪೆ ತೆಗೆಸಿ, ಮತ್ತೆ ತೂಕ ಮಾಡಿಸಿದರು. 8.2 ಕೆಜಿ ಉಳಿಯಿತು. ಸಿಪ್ಪೆ ತೆಗೆದದ್ದು 20 ಕೆಜಿ ಬೇಕಾದರೆ ಎಷ್ಟು ತರಿಸುತ್ತೀರಿ ಅಂದರು. ಅರ್ಧ ತರಗತಿ 20ಕ್ಕೆ 18 ಪರ್ಸೆಂಟ್ ಸೇರಿಸಿ 23.6 ಅಂದಿತು. ಸರಿ ಉತ್ತರ 20ನ್ನು 0.82ರಿಂದ ಭಾಗಿಸಿ 24.4. ಆ 800 ಗ್ರಾಂ ಕಡಿಮೆ ಬಿದ್ದರೆ ಕೊನೆಯ ವಾರ್ಡಿನ ನಾಲ್ಕೈದು ತಟ್ಟೆ ಖಾಲಿ. ಅಲ್ಲೇ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಮಾಡಿಟ್ಟ ಅಡುಗೆ ಉಳಿಯಬಾರದು, ರೋಗಾಣು ಬೆಳೆಯುತ್ತವೆ ಅನ್ನೋದು ಕೈಗೆ ಹತ್ತಿದ್ದು, ಥರ್ಮಾಮೀಟರ್ ಹಿಡಿದು ಗಂಟೆಗೊಮ್ಮೆ ಬರೆದೂ ಬರೆದೂ.

ಇಂಟರ್ನ್‌ಶಿಪ್ ಅನ್ನೋದು ಎಷ್ಟೋ ಕಡೆ ಎರಡನೇ ಪ್ರವೇಶ ಪರೀಕ್ಷೆ. ಪದವಿಗೆ ಸೇರಿದವರಿಗೆಲ್ಲ ಜಾಗ ಸಿಗುತ್ತದೆ ಅಂತ ಇಲ್ಲ, ಮತ್ತೆ ಅರ್ಜಿ, ಮತ್ತೆ ಶಿಫಾರಸು ಪತ್ರ, ಮತ್ತೆ ಸಂದರ್ಶನ. ಕೋರ್ಸ್ ಸೇರುವಾಗಲೇ ಕೇಳಿ: ತರಬೇತಿ ಪದವಿಯ ಒಳಗೇ ಸೇರಿದೆಯಾ, ಅಥವಾ ನಾವೇ ಹುಡುಕಿಕೊಳ್ಳಬೇಕಾ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಕಾಲೇಜು ಆರಿಸಿದರೂ ತಪ್ಪಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆಸ್ಪತ್ರೆಗೆ ಕಾಲಿಡುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ, ಕ್ಷಯದ ಪರೀಕ್ಷೆ, ಪೊಲೀಸ್ ಪರಿಶೀಲನೆ ಇವೆಲ್ಲದರ ಕಾಗದ ಕೇಳಬಹುದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ನಮ್ಮ ತಂಡದಲ್ಲಿ ಒಬ್ಬಳು ಇದಕ್ಕಾಗಿಯೇ ತಡವಾಗಿ ಶುರು ಮಾಡಬೇಕಾಯಿತು.

ಗಂಟೆಗಳ ಲೆಕ್ಕದ ಪುಸ್ತಕಕ್ಕೆ ಅವತ್ತಿನ ಸಹಿ ಅವತ್ತೇ ಹಾಕಿಸಿ. ಕಲಿಸುವವರು ಬೇರೆ ಕಡೆ ವರ್ಗವಾಗಿ ಹೋಗುತ್ತಾರೆ, ಆಮೇಲೆ ಹುಡುಕಿಕೊಂಡು ಹೋಗುವುದು ಬಹಳ ಕಷ್ಟ. ಮತ್ತೆ ಪ್ರತಿ ವಿಷಯದ ಪಠ್ಯಕ್ರಮದ ಪ್ರತಿ ಇಟ್ಟುಕೊಳ್ಳಿ, ಅಂಕಪಟ್ಟಿ ಒಂದೇ ಸಾಲುವುದಿಲ್ಲ. ಅಂಕಪಟ್ಟಿಯಲ್ಲಿ ಬಯೋಕೆಮಿಸ್ಟ್ರಿ ಅಂತ ಇರುತ್ತದೆ, ಒಳಗೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಲ್ಯಾಬ್ ಅಂತ ಇರುವುದಿಲ್ಲ. ಮುಂದೆ ಓದಲು ಅರ್ಜಿ ಹಾಕಿದಾಗ, ಬೇರೆ ದೇಶದಲ್ಲಿ ನೋಂದಣಿ ಕೇಳಿದಾಗ ಅದನ್ನೇ ಕೇಳುತ್ತಾರೆ. ನಾನು ಓದಿದ ಪಠ್ಯಕ್ರಮ ಈಗ ಕಾಲೇಜಿನಲ್ಲೇ ಇಲ್ಲ, ಬದಲಾಗಿ ಎರಡು ಸಲ ಆಯಿತು. ನನ್ನ ಹತ್ತಿರ ಒಂದು ನೀಲಿ ಫೈಲ್‌ನಲ್ಲಿ ಇದೆ. ಇಲ್ಲಿಯವರೆಗೆ ಮೂರು ಸಲ ಬೇಕಾಗಿದೆ.