‘ಸಂಬಂಧಪಟ್ಟವರು’ ಯಾರೆಂದು ಹುಡುಕುತ್ತಾ

ಬಸ್ ನಿಲ್ದಾಣದ ಎದುರು ನನ್ನದೊಂದು ಔಷಧ ಅಂಗಡಿ ಇದೆ. ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ ಅಲ್ಲಿಯೇ ಕುಳಿತು ನಮ್ಮ ಜಿಲ್ಲಾ ಪತ್ರಿಕೆಯ ಓದುಗರ ಅಂಕಣಕ್ಕೆ ಪತ್ರ ಬರೆಯತೊಡಗಿ 18 ವರ್ಷಗಳಾದವು. ಮೊದಲ ಎರಡು ವರ್ಷ 50 ಪೈಸೆಯ ಅಂಚೆ ಕಾರ್ಡಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದು ಕಳುಹಿಸಿದ ಪತ್ರಗಳಲ್ಲಿ ಒಂದೂ ಅಚ್ಚಾಗಲಿಲ್ಲ. ಉಳಿಸಿಕೊಂಡಿರುವ ನಕಲುಗಳನ್ನು ಈಗ ಓದಿದರೆ ಸಂಪಾದಕರ ಮೇಲಿದ್ದ ಮುನಿಸು ಇಳಿಯುತ್ತದೆ: ರಸ್ತೆಯಿಂದ ಹೊರಟ ಪತ್ರ ಚರಂಡಿಗೆ ಇಳಿದು, ಬೀದಿನಾಯಿಗಳನ್ನು ಹಾದು, ರಾಜಕಾರಣಿಗಳ ನೀತಿಗೆಟ್ಟ ನಡತೆಯಲ್ಲಿ ಮುಗಿಯುತ್ತಿತ್ತು.

ಮೂರನೆಯ ವರ್ಷ ಅಚ್ಚಾದ ಮೊದಲ ಪತ್ರವೇ ನನಗೆ ಮುಜುಗರ ತಂದಿತು. ನಿಲ್ದಾಣದ ಮುಂದಿನ ಗುಂಡಿಗಳಿಗೆ ಪುರಸಭೆಯನ್ನು ಹೊಣೆಯಾಗಿಸಿ ಬರೆದಿದ್ದೆ. ಅದು ಊರೊಳಗೆ ಹಾದುಹೋಗುವ ರಾಜ್ಯ ಹೆದ್ದಾರಿಯಾದ್ದರಿಂದ ಅದರ ನಿರ್ವಹಣೆ ಲೋಕೋಪಯೋಗಿ ಇಲಾಖೆಗೆ ಸೇರಿದೆಯೆಂದು ಪುರಸಭೆಯವರು ಮರುವಾರ ಅದೇ ಅಂಕಣದಲ್ಲಿ ಸ್ಪಷ್ಟನೆ ಕೊಟ್ಟರು. ‘ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ’ ಎಂಬ ವಾಕ್ಯವನ್ನು ಅಂದಿನಿಂದ ಬಿಟ್ಟೆ. ಸಂಬಂಧಪಟ್ಟವರು ಯಾರೆಂದು ತಿಳಿಯದವರಿಗೆ ಅದೊಂದು ಒಳ್ಳೆಯ ಮರೆ, ಓದಿದ ಅಧಿಕಾರಿಗಂತೂ ಅದು ಪಕ್ಕದ ಕಚೇರಿಯನ್ನೇ ಕುರಿತದ್ದೆಂದು ತೋರುತ್ತದೆ.

ಹೊಣೆ ಯಾರದೆಂದು ತಿಳಿಯದಿದ್ದಾಗ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕುವುದು ಆಮೇಲೆ ರೂಢಿಯಾಯಿತು. ಉತ್ತರಕ್ಕೆ 30 ದಿನಗಳ ಗಡುವಿದೆ, ಅಷ್ಟು ಕಾಯುವ ತಾಳ್ಮೆ ಬೇಕು. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂಬ ಕರ್ನಾಟಕದ ನಿಯಮಕ್ಕೆ ಮೊದಲು ಗೊಣಗಿದ್ದೆನಾದರೂ, ಪತ್ರ ಬರೆಯುವುದನ್ನು ನನಗೆ ಕಲಿಸಿದ್ದು ಆ ನಿಯಮವೇ.

ಗುಂಡಿಗಳ ಬಗ್ಗೆ ಎರಡನೆಯ ಸಲ ಬರೆಯುವಾಗ ವಿಶೇಷಣಗಳನ್ನು ಕೈಬಿಟ್ಟು, ಅಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಹತ್ತಿ, ಬ್ಯಾಂಡೇಜು ಕೇಳಿಕೊಂಡು ನನ್ನ ಅಂಗಡಿಗೆ ಬಂದವರ ಲೆಕ್ಕವನ್ನು ಒಂದು ವಾರ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟೆ. ಒಟ್ಟು 11 ಮಂದಿ, ಅವರಲ್ಲಿ ಏಳು ಜನ ಸಂಜೆ ದೀಪ ಹತ್ತುವ ಮುನ್ನದ ಹೊತ್ತಿನಲ್ಲಿ ಬಿದ್ದವರು. (ಗುಂಡಿಯಿಂದ ನನಗೆ ವ್ಯಾಪಾರವೇ ಆಗುತ್ತಿತ್ತು ಎಂಬುದನ್ನೂ ಪತ್ರದಲ್ಲಿ ಒಪ್ಪಿಕೊಂಡೆ, ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳುವುದು ಮೇಲೆನಿಸಿತು.) ಸ್ಥಳ, ದಿನಾಂಕ, ಲೆಕ್ಕ ಮತ್ತು ಲೋಕೋಪಯೋಗಿ ಇಲಾಖೆಯ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರಿಗೆ ಒಂದೇ ಒಂದು ಬೇಡಿಕೆ: ಇಷ್ಟೇ ಇದ್ದ ಆ ಪತ್ರ ನಾಲ್ಕನೆಯ ದಿನ ಪ್ರಕಟವಾಯಿತು. ನಾನು ತುಂಬ ಮೆಚ್ಚಿಕೊಂಡಿದ್ದ ಕೊನೆಯ ವ್ಯಂಗ್ಯದ ಸಾಲಿಗೆ ಮಾತ್ರ ಕತ್ತರಿ ಬಿದ್ದಿತ್ತು. ಅದಿಲ್ಲದೆಯೇ ಪತ್ರ ಚೆನ್ನಾಗಿತ್ತೆಂದು ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು.

ಮೂರು ವಾರಗಳಲ್ಲಿ ಡಾಂಬರು ಬಿತ್ತು, ಮರು ಮಳೆಗಾಲದಲ್ಲಿ ಕಿತ್ತೂ ಹೋಯಿತು. ಮತ್ತೆ ಬಿಲ್ ಪುಸ್ತಕದಲ್ಲಿ ವಾರದ ಲೆಕ್ಕ ಬರೆದು, ಹಳೆಯ ಪತ್ರ ಪ್ರಕಟವಾದ ದಿನಾಂಕವನ್ನೂ ತೇಪೆ ಹಾಕಿದ ದಿನಾಂಕವನ್ನೂ ಮೊದಲ ವಾಕ್ಯದಲ್ಲಿಯೇ ನಮೂದಿಸಿ, ಹೊಸ ಪತ್ರವನ್ನು ಅದೇ ಎಂಜಿನಿಯರರ ಹುದ್ದೆಯ ಹೆಸರಿಗೆ ಬರೆದೆ.